ತೊಂಬತ್ತು ಸತ್ತರೂ ಉಳಿಯುವ ಹತ್ತು: ಬೇರಿನ ಜಂತುಹುಳುಗಳ ಲೆಕ್ಕಾಚಾರ

ಬೆಳೆಯ ನಡುವೆ ಅಲ್ಲಲ್ಲಿ ಒಂದಿಷ್ಟು ಜಾಗದಲ್ಲಿ ಮಾತ್ರ ಗಿಡಗಳು ಕುಳ್ಳಾಗಿ ಉಳಿಯುತ್ತವೆ. ಎಲೆಗಳು ತಿಳಿಹಳದಿಗೆ ತಿರುಗುತ್ತವೆ. ಮಣ್ಣಿನಲ್ಲಿ ತೇವ ಸಾಕಷ್ಟಿದ್ದರೂ ನಡುಹಗಲಿನ ಬಿಸಿಲಿಗೆ ಗಿಡ ಬಾಡುತ್ತದೆ, ಸಂಜೆಯ ಹೊತ್ತಿಗೆ ಮತ್ತೆ ತಲೆ ಎತ್ತುತ್ತದೆ. ಇದನ್ನು ಕಂಡವರು ಮೊದಲು ನೀರು ಸಾಲದು ಎನ್ನುತ್ತಾರೆ, ಆಮೇಲೆ ಸಾರಜನಕ ಸಾಲದು ಎನ್ನುತ್ತಾರೆ, ಗೊಬ್ಬರ ಕೊಟ್ಟ ಮೇಲೂ ಗಿಡ ಏಳದಿದ್ದರೆ ಮಣ್ಣೇ ಸತ್ವ ಕಳೆದುಕೊಂಡಿದೆ ಎಂಬ ತೀರ್ಮಾನಕ್ಕೆ ಬರುತ್ತಾರೆ. ಈ ಮೂರೂ ಊಹೆಗಳಲ್ಲಿ ಒಂದಂಶ ನಿಜವಿದೆ: ಗಿಡಕ್ಕೆ ನೀರೂ ಪೋಷಕಾಂಶವೂ ಸಿಗುತ್ತಿಲ್ಲ. ಆದರೆ ಕೊರತೆ ಇರುವುದು ಮಣ್ಣಿನಲ್ಲಲ್ಲ, ಮಣ್ಣಿನಲ್ಲಿರುವುದನ್ನು ಹೀರಿ ಮೇಲಕ್ಕೆ ಕಳುಹಿಸಬೇಕಾದ ಬೇರಿನಲ್ಲಿ. ಗಿಡವನ್ನು ಕಿತ್ತು ಬೇರನ್ನು ತೊಳೆದು ನೋಡುವವರೆಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಮತ್ತು ಬಾಡಿದ ಗಿಡವನ್ನು ಕೀಳುವ ಅಭ್ಯಾಸ ನಮ್ಮಲ್ಲಿ ಅಷ್ಟಾಗಿ ಇಲ್ಲ.

ಹೀಗೆ ಬೇರನ್ನು ಕೆಡಿಸುವ ಜೀವಿಗಳಲ್ಲಿ ಮುಖ್ಯವಾದವು ನೆಮಟೋಡುಗಳು, ಅಂದರೆ ಜಂತುಹುಳುಗಳು. ಎರೆಹುಳುವಿಗೂ ಇವಕ್ಕೂ ಸಂಬಂಧವಿಲ್ಲ. ಇವುಗಳ ಮೈಯಲ್ಲಿ ಉಂಗುರದಂಥ ಖಂಡಗಳಿಲ್ಲ, ಮತ್ತು ಬೆಳೆಗೆ ಹಾನಿ ಮಾಡುವ ಬಹುತೇಕ ಜಾತಿಗಳು ಒಂದು ಮಿಲಿಮೀಟರಿನ ಆಸುಪಾಸು ಉದ್ದವಿದ್ದು ಬರಿಗಣ್ಣಿಗೆ ಕಾಣುವುದಿಲ್ಲ. ಭೂಮಿಯ ಮೇಲಿನ ಪ್ರತಿ ಐದು ಪ್ರಾಣಿಗಳಲ್ಲಿ ಸುಮಾರು ನಾಲ್ಕು ಜಂತುಹುಳುಗಳೇ ಎಂಬ ಅಂದಾಜಿದೆ. ಅವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಾ, ಶಿಲೀಂಧ್ರ ಮತ್ತು ತಮ್ಮದೇ ಬಗೆಯ ಇತರ ಹುಳುಗಳನ್ನು ತಿಂದು ಬದುಕುತ್ತವೆ, ಪೋಷಕಾಂಶಗಳನ್ನು ಮಣ್ಣಿಗೆ ಮರಳಿಸುತ್ತವೆ, ಒಟ್ಟಾರೆ ಬೆಳೆಗಾರನಿಗೆ ಉಪಕಾರವನ್ನೇ ಮಾಡುತ್ತವೆ. ಸಸ್ಯಗಳ ಮೇಲೆ ಬದುಕುವುದೆಂದು ಈವರೆಗೆ ಗುರುತಿಸಿರುವುದು ನಾಲ್ಕು ಸಾವಿರಕ್ಕೂ ಹೆಚ್ಚು ಜಾತಿಗಳನ್ನು. ದೊಡ್ಡ ನಷ್ಟಕ್ಕೆ ಕಾರಣವಾಗುವುದು ಅವುಗಳಲ್ಲೂ ಬೆರಳೆಣಿಕೆಯವು. ಮಣ್ಣಿನಲ್ಲಿರುವ ಎಲ್ಲವನ್ನೂ ಒಂದೇ ಸಮನೆ ಕೊಲ್ಲುವ ಉಪಾಯಗಳು ಏಕೆ ಕೈಕೊಡುತ್ತವೆ ಎಂಬುದಕ್ಕೆ ಈ ಅನುಪಾತದಲ್ಲಿಯೇ ಅರ್ಧ ಉತ್ತರವಿದೆ.

ಜಗತ್ತಿನ ಬೆಳೆಯಲ್ಲಿ ಶೇ. 12.3ರಷ್ಟು ಜಂತುಹುಳುಗಳ ಪಾಲಾಗುತ್ತದೆ ಎಂಬ ಅಂಕಿ ಈ ವಿಷಯದ ಬಹುತೇಕ ಬರಹಗಳಲ್ಲಿ ಕಾಣಸಿಗುತ್ತದೆ. ಅದು 1987ರಲ್ಲಿ ಪ್ರಕಟವಾದದ್ದು. ಹೊಲದಲ್ಲಿ ಅಳೆದು ಪಡೆದ ಲೆಕ್ಕವಲ್ಲ, ಹಲವು ದೇಶಗಳ ತಜ್ಞರನ್ನು ಕೇಳಿ ಕಟ್ಟಿದ ಅಂದಾಜು. ಮೂರೂವರೆ ದಶಕಕ್ಕೂ ಹೆಚ್ಚು ಕಾಲ ಕಳೆದರೂ ಅದನ್ನೇ ಉದ್ಧರಿಸುತ್ತಿದ್ದೇವೆಂದರೆ, ಅದಕ್ಕಿಂತ ಗಟ್ಟಿಯಾದ ಅಂಕಿ ಕಲೆಹಾಕುವುದು ಎಷ್ಟು ಕಷ್ಟ ಎಂದೇ ತಿಳಿಯಬೇಕು. ನೀರು ಸಾಲದೆ ಕಳೆದುಕೊಂಡದ್ದು, ಸೊರಗು ರೋಗದಿಂದ ಕಳೆದುಕೊಂಡದ್ದು ಎಂದು ಬರೆದಿಟ್ಟ ನಷ್ಟದಲ್ಲಿ ಇವುಗಳ ಪಾಲು ಎಷ್ಟಿತ್ತು ಎಂಬುದನ್ನು ಹಿಂತಿರುಗಿ ಬೇರ್ಪಡಿಸಲು ಬರುವುದಿಲ್ಲ. ಏಕೆಂದರೆ ಹುಳು ಮಾಡಿದ ಗಾಯವೇ ಶಿಲೀಂಧ್ರಕ್ಕೆ ಬಾಗಿಲಾಗುತ್ತದೆ. ಹತ್ತಿಯಲ್ಲಿ ಬೇರುಗಂಟು ಇದ್ದಾಗ ಫ್ಯುಸೇರಿಯಂ ಸೊರಗು ರೋಗ ಹೆಚ್ಚು ಉಗ್ರವಾಗುವುದನ್ನು ಅಮೆರಿಕದ ಆಟ್ಕಿನ್ಸನ್ 1892ರಷ್ಟು ಹಿಂದೆಯೇ ಗುರುತಿಸಿದ್ದರು. ದ್ರಾಕ್ಷಿಯಲ್ಲಿ ಜಿಫಿನೆಮ ಎಂಬ ಜಂತುಹುಳು ವೈರಸ್ಸಿನಿಂದ ಬರುವ ನಂಜುರೋಗವನ್ನೇ ಒಂದು ಬೇರಿನಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತದೆಂದು 1958ರಲ್ಲಿ ಸಾಬೀತಾಯಿತು.

ಎಲ್ಲ ಹುಳುಗಳ ಬದುಕೂ ಒಂದೇ ಬಗೆಯದಲ್ಲ. ಬಾಳೆಯ ಬೇರನ್ನು ಕೊರೆಯುವ ಜಾತಿ ಒಳಗೇ ಸುರಂಗ ಮಾಡಿಕೊಂಡು ತಿರುಗಾಡುತ್ತ ಬೇರನ್ನು ಕೊಳೆಸುತ್ತದೆ, ಕೊನೆಗೆ ಗೊನೆ ಹೊತ್ತ ಗಿಡ ಬುಡಸಮೇತ ಉರುಳುತ್ತದೆ. ಆಲೂಗಡ್ಡೆಯ ಸಿಸ್ಟ್ ಹುಳುವಿನ ಹೆಣ್ಣು ಸತ್ತ ಮೇಲೆ ಅದರ ದೇಹವೇ ಗಟ್ಟಿ ಚೀಲವಾಗಿ, ಒಳಗಿನ ನೂರಾರು ಮೊಟ್ಟೆಗಳು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿರಬಲ್ಲವು. ಆದರೆ ಬಿಸಿ ಪ್ರದೇಶಗಳಲ್ಲಿ ತರಕಾರಿ, ಹಣ್ಣು, ಬೇಳೆಕಾಳು, ಹೂವು ಎಲ್ಲವನ್ನೂ ಮುಟ್ಟುವುದು ಮೆಲಾಯ್ಡೊಗೈನೆ ಕುಲದ ಬೇರುಗಂಟು ಹುಳು. ಮುಂದಿನ ಮಾತು ಹೆಚ್ಚಾಗಿ ಅದನ್ನು ಕುರಿತದ್ದೇ.

ಮೊಟ್ಟೆಯೊಡೆದು ಹೊರಬರುವ ಮರಿ ಸುಮಾರು 0.4 ಮಿಲಿಮೀಟರ್ ಉದ್ದ. ತಾನು ಹೊತ್ತು ತಂದ ಕೊಬ್ಬಷ್ಟೇ ಅದರ ಬುತ್ತಿ; ಅದು ಮುಗಿಯುವುದರೊಳಗೆ ಬೇರು ಸಿಗಬೇಕು. ಮಣ್ಣಿನ ಕಣಗಳ ಸುತ್ತಲಿನ ನೀರಿನ ಪೊರೆಯಲ್ಲಿ ಈಜುತ್ತ, ಬೇರು ಸ್ರವಿಸುವ ದ್ರವ್ಯಗಳ ಜಾಡು ಹಿಡಿದು ಅದು ಬೇರಿನ ತುದಿಯ ಹಿಂಭಾಗಕ್ಕೆ ಬರುತ್ತದೆ. ತಲೆಯಲ್ಲಿರುವ ಟೊಳ್ಳು ಮುಳ್ಳಿನಿಂದ ಹೊರಪದರವನ್ನು ಚುಚ್ಚಿ ಒಳಹೊಕ್ಕು, ಕೋಶಗಳನ್ನು ಒಡೆಯದೆ ಅವುಗಳ ಸಂದಿನಲ್ಲೇ ತುದಿಯವರೆಗೆ ಇಳಿಯುತ್ತದೆ, ಅಲ್ಲಿ ತಿರುಗಿ ಬೇರಿನ ನಡುವಿನ ನಾಳಗಳು ರೂಪುಗೊಳ್ಳುತ್ತಿರುವ ಜಾಗಕ್ಕೆ ಮೇಲೇರಿ ಬಂದು ನೆಲೆ ನಿಲ್ಲುತ್ತದೆ. ಅಲ್ಲಿ ನಾಲ್ಕೈದು ಕೋಶಗಳಿಗೆ ತನ್ನ ಗ್ರಂಥಿಗಳ ಪ್ರೋಟೀನುಗಳನ್ನು ಸೇರಿಸುತ್ತದೆ. ಆ ಕೋಶಗಳಲ್ಲಿ ಕೇಂದ್ರಬೀಜ ಮತ್ತೆ ಮತ್ತೆ ಇಬ್ಭಾಗವಾಗುತ್ತದೆ, ಆದರೆ ಕೋಶ ಮಾತ್ರ ಇಬ್ಭಾಗವಾಗುವುದಿಲ್ಲ. ಹತ್ತಾರು ಕೇಂದ್ರಬೀಜಗಳುಳ್ಳ ದೈತ್ಯ ಕೋಶಗಳಾಗಿ ಅವು ಊದಿಕೊಳ್ಳುತ್ತವೆ. ಸುತ್ತಲಿನ ಕೋಶಗಳೂ ಹೆಚ್ಚಿ ಹೊರಗೆ ಗಂಟಾಗಿ ಕಾಣುತ್ತದೆ. ಗಿಡ ಎಲೆಯಲ್ಲಿ ತಯಾರಿಸಿದ ಆಹಾರ ಈಗ ಕಾಯಿಗೆ ಹೋಗುವ ಬದಲು ಆ ಕೋಶಗಳಿಗೆ ಹರಿಯುತ್ತದೆ. ಹುಳು ಇನ್ನು ಅಲ್ಲಿಂದ ಕದಲುವುದಿಲ್ಲ, ಕದಲುವ ಸ್ನಾಯುಗಳನ್ನೂ ಕಳೆದುಕೊಳ್ಳುತ್ತದೆ. ದುಂಡಗೆ ಬೆಳೆದ ಹೆಣ್ಣು ಗಂಟಿನ ಹೊರಮೈಯಲ್ಲಿ ಅಂಟಿನ ಮುದ್ದೆಯೊಂದರಲ್ಲಿ ಮುನ್ನೂರರಿಂದ ಐನೂರು, ಕೆಲವೊಮ್ಮೆ ಅದಕ್ಕೂ ಹೆಚ್ಚು ಮೊಟ್ಟೆಗಳನ್ನಿಡುತ್ತದೆ. ಹೆಚ್ಚು ವ್ಯಾಪಕವಾಗಿರುವ ಇನ್‌ಕಾಗ್ನಿಟ ಜಾತಿಯಲ್ಲಿ ಇದಕ್ಕೆ ಗಂಡಿನ ಅಗತ್ಯವೇ ಇಲ್ಲ. ಮಣ್ಣು 25ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿದ್ದರೆ ಈ ಸುತ್ತು ಮೂರು-ನಾಲ್ಕು ವಾರಗಳಲ್ಲಿ ಮುಗಿದು ಮುಂದಿನದು ಆರಂಭವಾಗುತ್ತದೆ.

ಬೇಳೆಕಾಳಿನ ಗಿಡಗಳಲ್ಲಿ ಈ ಗಂಟುಗಳನ್ನು ಸಾರಜನಕ ಸ್ಥಿರೀಕರಿಸುವ ಬ್ಯಾಕ್ಟೀರಿಯಾದ ಗಂಟುಗಳೆಂದು ತಿಳಿದು ಸಮಾಧಾನ ಪಡುವವರಿದ್ದಾರೆ. ಬ್ಯಾಕ್ಟೀರಿಯಾದ ಗಂಟು ಬೇರಿನ ಪಕ್ಕಕ್ಕೆ ಅಂಟಿಕೊಂಡಂತಿದ್ದು ಉಗುರಿನಿಂದ ಒತ್ತಿದರೆ ಕಳಚಿಬರುತ್ತದೆ, ಸೀಳಿದರೆ ಒಳಗೆ ನಸುಗೆಂಪು. ಹುಳುವಿನ ಗಂಟು ಬೇರಿನದೇ ಊತ. ಅದನ್ನು ತೆಗೆಯಬೇಕಾದರೆ ಬೇರನ್ನೇ ಹರಿಯಬೇಕು.

ಈಗ ಲೆಕ್ಕಕ್ಕೆ ಬರೋಣ. ಒಂದು ಹೆಣ್ಣು 400 ಮೊಟ್ಟೆಯಿಟ್ಟು, ಅದರಲ್ಲಿ ನೂರಕ್ಕೆ ಐದು ಮಾತ್ರ ಬೇರು ಸೇರಿ ಮತ್ತೆ ಮೊಟ್ಟೆಯಿಡುವ ಹಂತ ತಲುಪುತ್ತವೆ ಎಂದಿಟ್ಟುಕೊಳ್ಳಿ. ಒಂದು ತಲೆಮಾರಿಗೆ ಒಂದು ಇಪ್ಪತ್ತಾಗುತ್ತದೆ, ಎರಡಕ್ಕೆ ನಾನೂರು, ಮೂರಕ್ಕೆ ಎಂಟು ಸಾವಿರ. ಬೇರಿನಲ್ಲಿ ಜಾಗ ಸಾಲದಾದಾಗ ಈ ಏರಿಕೆ ತಾನಾಗಿ ನಿಧಾನವಾಗುತ್ತದೆ ಎಂಬುದು ನಿಜ, ಆದರೆ ಆ ಹೊತ್ತಿಗೆ ಬೆಳೆ ಹೋಗಿರುತ್ತದೆ. ನಾಟಿಗೆ ಮುನ್ನ ಔಷಧಿ ಹಾಕಿ ಶೇ. 90ರಷ್ಟನ್ನು ಕೊಂದರೆ ಹುಳುಗಳ ಸಂಖ್ಯೆ ಹತ್ತನೇ ಒಂದಕ್ಕಿಳಿಯುತ್ತದೆ. ಇಪ್ಪತ್ತು ಪಟ್ಟು ಹೆಚ್ಚುವ ಜೀವಿ ಅದನ್ನು ಒಂದೇ ತಲೆಮಾರಿನಲ್ಲಿ ತುಂಬಿಕೊಂಡು ಮತ್ತೂ ಮುಂದೆ ಹೋಗುತ್ತದೆ. ಹಾಗಾದರೆ ಔಷಧಿಯಿಂದ ಏನೂ ಪ್ರಯೋಜನವಿಲ್ಲವೇ? ಇದೆ. ಎಳೆಯ ಬೇರಿಗೆ ನಾಲ್ಕರಿಂದ ಆರು ವಾರಗಳ ಬಿಡುವು ಸಿಗುತ್ತದೆ, ಆ ಬಿಡುವಿನಲ್ಲಿ ಬೇರು ಆಳಕ್ಕಿಳಿದ ಗಿಡ ಆಮೇಲಿನ ದಾಳಿಯನ್ನು ತಾಳಿಕೊಳ್ಳುತ್ತದೆ. ಕೊಳ್ಳುತ್ತಿರುವುದು ಸಮಯವನ್ನು ಮಾತ್ರ ಎಂದು ತಿಳಿದು ಬಳಸಿದರೆ ಔಷಧಿಗೆ ಬೆಲೆಯಿದೆ. ಹುಳು ಮುಗಿಯಿತು ಎಂದು ತಿಳಿದು ಬಳಸಿದರೆ ಸುಗ್ಗಿಯ ಹೊತ್ತಿಗೆ ಮಣ್ಣಿನಲ್ಲಿ ಮೊದಲಿಗಿಂತ ಹೆಚ್ಚು ಹುಳುಗಳಿರುವುದೂ ಉಂಟು, ಏಕೆಂದರೆ ಚೆನ್ನಾಗಿ ಬೆಳೆದ ಬೇರು ಅವಕ್ಕೆ ಹೆಚ್ಚು ಆಹಾರ.

ಕಳೆದ ಎಂಬತ್ತು ವರ್ಷಗಳ ಇತಿಹಾಸ ಈ ಲೆಕ್ಕವನ್ನು ಮರೆತದ್ದರ ಇತಿಹಾಸ ಎಂದರೆ ತಪ್ಪಾಗಲಾರದು. 1943ರಲ್ಲಿ ಹವಾಯಿಯ ಅನಾನಸ್ ತೋಟಗಳಲ್ಲಿ ವಾಲ್ಟರ್ ಕಾರ್ಟರ್ ಅವರು ಡಿ-ಡಿ ಎಂಬ ರಾಸಾಯನಿಕ ಮಿಶ್ರಣವನ್ನು ಮಣ್ಣಿಗೆ ಸೇರಿಸಿ ತೋರಿಸಿದಾಗ ಬೆಳೆ ಎಷ್ಟು ಚೇತರಿಸಿತೆಂದರೆ, ಜಂತುಹುಳುಗಳು ಕಸಿದುಕೊಳ್ಳುತ್ತಿದ್ದುದು ಎಷ್ಟೆಂಬುದು ಹಲವರಿಗೆ ಮೊದಲ ಬಾರಿಗೆ ಅರಿವಾಯಿತು. ಮಣ್ಣಿನಲ್ಲಿ ಅನಿಲವಾಗಿ ಹರಡುವ ಧೂಮಕಗಳ ಕಾಲ ಅಲ್ಲಿಂದ ಆರಂಭವಾಯಿತು. ಡಿಬಿಸಿಪಿ ಎಂಬ ಧೂಮಕವನ್ನು ತಯಾರಿಸುತ್ತಿದ್ದ ಕ್ಯಾಲಿಫೋರ್ನಿಯಾದ ಕಾರ್ಮಿಕರಲ್ಲಿ ಸಂತಾನಶಕ್ತಿ ನಾಶವಾಗಿರುವುದು 1977ರಲ್ಲಿ ಬೆಳಕಿಗೆ ಬಂದು, ಎರಡು ವರ್ಷಗಳಲ್ಲಿ ಅಮೆರಿಕದಲ್ಲಿ ಅದರ ಬಹುತೇಕ ಬಳಕೆ ನಿಂತಿತು. ಹರಳು ರೂಪದಲ್ಲಿ ಹಾಕುತ್ತಿದ್ದ ಆಲ್ಡಿಕಾರ್ಬ್ 1979ರಲ್ಲಿ ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಬಾವಿಗಳ ನೀರಿನಲ್ಲಿ ಪತ್ತೆಯಾಯಿತು. 1985ರಲ್ಲಿ ಅದು ಸೇರಿದ್ದ ಕಲ್ಲಂಗಡಿ ತಿಂದು ಕ್ಯಾಲಿಫೋರ್ನಿಯಾದಲ್ಲಿ ಬಹಳ ಜನ ಅಸ್ವಸ್ಥರಾದರು. ಎಲ್ಲಕ್ಕಿಂತ ಪ್ರಬಲವಾಗಿದ್ದ ಮಿಥೈಲ್ ಬ್ರೋಮೈಡ್ ಓಜೋನ್ ಪದರವನ್ನು ಕೆಡಿಸುತ್ತದೆಂದು ಮಾಂಟ್ರಿಯಲ್ ಒಪ್ಪಂದದ ಅಡಿಯಲ್ಲಿ ಬೇಸಾಯದ ಬಳಕೆಯನ್ನು ಮುಂದುವರಿದ ದೇಶಗಳು 2005ರೊಳಗೆ, ಅಭಿವೃದ್ಧಿಶೀಲ ದೇಶಗಳು 2015ರೊಳಗೆ ಕೆಲವು ವಿನಾಯಿತಿಗಳೊಂದಿಗೆ ನಿಲ್ಲಿಸಬೇಕಾಯಿತು. ಕಾರ್ಬೋಫ್ಯುರಾನ್ ಎಂಬ ಇನ್ನೊಂದು ಔಷಧಿ 2017ರಲ್ಲಿ ಅಪಾಯಕಾರಿ ರಾಸಾಯನಿಕಗಳ ವ್ಯಾಪಾರವನ್ನು ಕುರಿತ ರಾಟರ್‌ಡ್ಯಾಮ್ ಒಪ್ಪಂದದ ಪಟ್ಟಿಗೆ ಸೇರಿತು. ಒಂದೊಂದೂ ಬಂದಾಗ ಇದೇ ಕೊನೆಯ ಮದ್ದು ಎಂಬ ಭಾವನೆಯಿತ್ತು.

ಇತ್ತೀಚೆಗೆ ಬಂದಿರುವ ಫ್ಲುಯೋಪೈರಾಮ್, ಫ್ಲುಯೆನ್‌ಸಲ್ಫೋನ್‌ನಂಥ ಔಷಧಿಗಳು ಹಳೆಯವುಗಳಿಗೆ ಹೋಲಿಸಿದರೆ ಮನುಷ್ಯರಿಗೆ ಎಷ್ಟೋ ಕಡಿಮೆ ಅಪಾಯಕಾರಿ, ಕಡಿಮೆ ಪ್ರಮಾಣದಲ್ಲಿ ಕೆಲಸ ಮಾಡುತ್ತವೆ. ಇದು ದೊಡ್ಡ ಸುಧಾರಣೆಯೇ. ಆದರೆ ಅವು ಅನಿಲವಾಗಿ ಹರಡುವುದಿಲ್ಲ, ನೀರಿನೊಂದಿಗೆ ಇಳಿದಷ್ಟೇ ಆಳಕ್ಕೆ ಹೋಗುತ್ತವೆ, ಮತ್ತು ಫ್ಲುಯೋಪೈರಾಮ್ ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ ಎಂಬುದನ್ನು ಗಮನದಲ್ಲಿಡಬೇಕು. ಮೇಲಿನ ಗುಣಾಕಾರವಂತೂ ಇವಕ್ಕೂ ಅನ್ವಯಿಸುತ್ತದೆ.

ಔಷಧಿ ಬೇಡವೆಂದರೆ ನಿರೋಧಕ ತಳಿ ಇದೆಯಲ್ಲ ಎಂಬ ಮಾತು ಸಹಜ. ತಳಿಯಷ್ಟು ಅಗ್ಗದ, ಸುಲಭದ ಉಪಾಯ ಬೇರೊಂದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಒಂದೇ ಜೀನನ್ನು ಎಲ್ಲೆಡೆ, ಎಲ್ಲ ವರ್ಷವೂ ಬಳಸಿದರೆ ಏನಾಗುತ್ತದೆ ಎಂಬುದಕ್ಕೆ ಮೂರು ಬೆಳೆಗಳ ಅನುಭವ ಕಣ್ಣ ಮುಂದಿದೆ. 1950ರ ದಶಕದಲ್ಲಿ ಆಂಡೀಸ್ ಪರ್ವತದ ಆಲೂಗಡ್ಡೆಯೊಂದರಲ್ಲಿ ಸಿಸ್ಟ್ ಹುಳುವನ್ನು ತಡೆಯುವ ಎಚ್-1 ಜೀನ್ ಸಿಕ್ಕಿತು. ಬ್ರಿಟನ್ನಿನಲ್ಲಿ ಅದನ್ನು ಹೊತ್ತ ಮಾರಿಸ್ ಪೈಪರ್ ತಳಿ ಬಹು ಜನಪ್ರಿಯವಾಗಿ, ಹಳದಿ ಸಿಸ್ಟ್ ಹುಳು ಹಿಂದೆ ಸರಿಯಿತು. ಆದರೆ ಎಚ್-1 ತಡೆಯಲಾರದ ಬಿಳಿ ಸಿಸ್ಟ್ ಹುಳು, ಅಂದರೆ ಪ್ಯಾಲಿಡ ಜಾತಿ, ಎದುರಾಳಿಯಿಲ್ಲದ ಹೊಲಗಳಲ್ಲಿ ಹಬ್ಬಿತು. ಇಂದು ಇಂಗ್ಲೆಂಡಿನಲ್ಲಿ ಸಿಸ್ಟ್ ಹುಳು ಹತ್ತಿದ ಆಲೂಗಡ್ಡೆ ಹೊಲಗಳ ಪೈಕಿ ಬಹುಪಾಲಿನಲ್ಲಿರುವುದು ಅದೇ. ಅಮೆರಿಕದ ಸೋಯಾ ಬೆಳೆಯಲ್ಲಿ ನಿರೋಧಕವೆಂದು ಮಾರಾಟವಾಗುವ ತಳಿಗಳ ಬಹುದೊಡ್ಡ ಪಾಲು ಪಿಐ 88788 ಎಂಬ ಒಂದೇ ಮೂಲದಿಂದ ಬಂದದ್ದು. ದಶಕಗಳ ಕಾಲ ಅದನ್ನೇ ಬಿತ್ತಿದ್ದರಿಂದ ಅದರ ಮೇಲೂ ಹೆಚ್ಚಬಲ್ಲ ಸಿಸ್ಟ್ ಹುಳುಗಳೇ ಈಗ ಹೊಲಗಳಲ್ಲಿ ಉಳಿದುಕೊಂಡಿವೆ. ಚೀಲದ ಮೇಲೆ ನಿರೋಧಕ ಎಂದು ಬರೆದಿರುತ್ತದೆ, ಹೊಲದಲ್ಲಿ ಆ ಬರಹಕ್ಕೆ ಅರ್ಥ ಕಡಿಮೆಯಾಗುತ್ತ ಬಂದಿದೆ.

ಟೊಮೆಟೊದ ಕಥೆ ಇನ್ನೂ ಸೂಕ್ಷ್ಮ. ಪೆರುವಿನ ಕಾಡು ಟೊಮೆಟೊದಿಂದ 1940ರ ದಶಕದಲ್ಲಿ ಭ್ರೂಣವನ್ನು ಬೇರ್ಪಡಿಸಿ ಬೆಳೆಸುವ ಮೂಲಕ ತಂದ ಎಂಐ ಜೀನ್ ಇಂದಿಗೂ ಟೊಮೆಟೊದ ಮುಖ್ಯ ರಕ್ಷಣೆ. 1998ರಲ್ಲಿ ಅದನ್ನು ಬೇರ್ಪಡಿಸಿ ಓದಿದಾಗ ಕೆಲವು ಸಸ್ಯಹೇನುಗಳನ್ನೂ ಅದೇ ತಡೆಯುತ್ತದೆಂದು ತಿಳಿದು ಅಚ್ಚರಿಯಾಯಿತು. ಆದರೆ ಮಣ್ಣಿನ ಉಷ್ಣತೆ 28 ಡಿಗ್ರಿ ದಾಟಿದರೆ ಈ ಜೀನಿನ ತಡೆ ಸಡಿಲವಾಗುತ್ತದೆ. ಅಂದರೆ ಹುಳು ಅತಿ ವೇಗವಾಗಿ ಹೆಚ್ಚುವ ಬಿಸಿಯಲ್ಲಿಯೇ ಕಾವಲು ದುರ್ಬಲವಾಗುತ್ತದೆ. ಇದಲ್ಲದೆ, 1983ರಲ್ಲಿ ಚೀನಾದ ಹೈನಾನ್ ದ್ವೀಪದ ಮರವೊಂದರ ಬೇರಿನಿಂದ ವರ್ಣಿಸಲಾದ ಎಂಟರೊಲೋಬಿಯೈ ಎಂಬ ಬೇರುಗಂಟು ಜಾತಿಗೆ ಎಂಐ ಲೆಕ್ಕಕ್ಕೇ ಇಲ್ಲ. ಸೀಬೆ ತೋಟಗಳನ್ನು ಒಣಗಿಸಿ ಹೆಸರಾಗಿರುವ ಈ ಜಾತಿ ಸಸಿ ಮತ್ತು ಗೆಡ್ಡೆಗಳ ಮೂಲಕ ಖಂಡದಿಂದ ಖಂಡಕ್ಕೆ ಸಾಗುತ್ತಿದೆ. ನಿರೋಧಕ ಟೊಮೆಟೊವಿನ ಬೇರಿನಲ್ಲಿ ದೊಡ್ಡ ಗಂಟುಗಳು ಕಂಡರೆ ಬೀಜ ಮಾರಿದವರನ್ನು ಬೈಯುವ ಮೊದಲು ಯಾವ ಜಾತಿಯ ಹುಳು ಎಂದು ಪರೀಕ್ಷೆ ಮಾಡಿಸುವುದು ಲೇಸು.

ಬೇಸಾಯದ ಕ್ರಮ ಬದಲಾದಂತೆ ಹುಳುವಿನ ಅವಕಾಶವೂ ಬದಲಾಗುತ್ತದೆ. ಇದಕ್ಕೆ ಇಂದಿನ ಅತ್ಯುತ್ತಮ ನಿದರ್ಶನ ಭತ್ತ. ನೀರು ನಿಂತ ಗದ್ದೆಯಲ್ಲಿ ಗ್ರಾಮಿನಿಕೋಲ ಎಂಬ ಬೇರುಗಂಟು ಹುಳುವಿನ ಮರಿಗಳು ಸಾಯದೆ ಉಳಿದರೂ ಹೊಸ ಬೇರಿನೊಳಗೆ ಸುಲಭವಾಗಿ ನುಗ್ಗಲಾರವು. ತಲೆತಲಾಂತರದಿಂದ ಗದ್ದೆಯ ನೀರೇ ಭತ್ತವನ್ನು ಕಾಯುತ್ತ ಬಂದಿದೆ. ಈಗ ನೀರು ಉಳಿಸಲು, ಮಿಥೇನ್ ಹೊರಸೂಸುವಿಕೆ ತಗ್ಗಿಸಲು, ಕೂಲಿಯ ಖರ್ಚು ಇಳಿಸಲು ನೇರ ಬಿತ್ತನೆ, ನೀರು ನಿಲ್ಲಿಸದೆ ಬೆಳೆಯುವ ಏರೋಬಿಕ್ ಭತ್ತ, ಹಸಿ-ಒಣ ಸರದಿಯ ನೀರಾವರಿ ಮುಂತಾದವನ್ನು ಪ್ರೋತ್ಸಾಹಿಸಲಾಗುತ್ತಿದೆ. ಕಾರಣಗಳೆಲ್ಲ ಸರಿಯಾದವೇ. ಆದರೆ ಗದ್ದೆ ಒಣಗಿದ ಪ್ರತಿ ಬಾರಿಯೂ ಹುಳುವಿಗೆ ಬಾಗಿಲು ತೆರೆಯುತ್ತದೆ. ಬೇರಿನ ತುದಿಗಳು ಕೊಕ್ಕೆಯಂತೆ ಬಾಗಿ ಊದಿಕೊಂಡಿರುವುದು ಅದರ ಗುರುತು. ಏಷ್ಯಾದ ಈ ಹುಳು 2016ರಲ್ಲಿ ಇಟಲಿಯ ಭತ್ತದ ಗದ್ದೆಗಳಲ್ಲಿಯೂ ಪತ್ತೆಯಾಯಿತು. ನೀರು ಉಳಿಸುವ ಯೋಜನೆಗಳ ಕೈಪಿಡಿಗಳಲ್ಲಿ ಕಳೆಯ ಬಗ್ಗೆ ಪುಟಗಟ್ಟಲೆ ಇದ್ದು, ಬೇರಿನ ಬಗ್ಗೆ ಒಂದು ಸಾಲು ಇರದಿದ್ದರೆ ಉಳಿಸಿದ ನೀರಿನ ಲೆಕ್ಕವೇ ತಪ್ಪಾಗುತ್ತದೆ. ಪಾಲಿಹೌಸುಗಳ ಸ್ಥಿತಿ ಇದಕ್ಕಿಂತ ನೇರ: ವರ್ಷವಿಡೀ ಬೆಚ್ಚಗಿನ, ಹದವಾದ ತೇವದ ಮಣ್ಣು, ಒಂದೇ ಜಾತಿಯ ಬೆಳೆ, ನೆಲಕ್ಕೆ ಬಿಡುವಿಲ್ಲ. ಬೇರುಗಂಟು ಹುಳುವಿಗೆ ಬೇಕಾದದ್ದೆಲ್ಲ ಅಲ್ಲಿದೆ.

ಇನ್ನು ಹುಳು ಬರುವ ದಾರಿ. ತನ್ನ ಬಲದಿಂದ ಅದು ವರ್ಷಕ್ಕೆ ಒಂದು ಮೀಟರಿನಷ್ಟು ದೂರ ಹೋದರೆ ಹೆಚ್ಚು. ಉಳಿದ ಪ್ರಯಾಣವನ್ನೆಲ್ಲ ಮಾಡಿಸುವವರು ನಾವೇ: ನೇಗಿಲು, ಟ್ರ್ಯಾಕ್ಟರಿನ ಗಾಲಿಗೆ ಮೆತ್ತಿದ ಮಣ್ಣು, ಹರಿನೀರು, ಎಲ್ಲಕ್ಕಿಂತ ಮುಖ್ಯವಾಗಿ ಸಸಿಯ ಬೇರು. ಹೊಲದಲ್ಲಿ ಹಾನಿಯ ಜಾಗಗಳು ಉಳುಮೆಯ ದಿಕ್ಕಿನಲ್ಲೇ ಉದ್ದವಾಗಿರುವುದು ಇದೇ ಕಾರಣಕ್ಕೆ. ಆದ್ದರಿಂದ ಸಸಿಮಡಿಯಲ್ಲಿ ಮಾಡುವ ಕೆಲಸಕ್ಕೆ ಹೊಲದಲ್ಲಿ ಮಾಡುವ ಯಾವ ಕೆಲಸವೂ ಸಮನಲ್ಲ. ಸೀಬೆ, ನಿಂಬೆ, ಕಾಳುಮೆಣಸು, ಬಾಳೆಯಂಥ ಬಹುವಾರ್ಷಿಕ ಬೆಳೆಗಳಲ್ಲಿ ಗಂಟಿರುವ ಒಂದು ಸಸಿಯನ್ನು ನೆಟ್ಟರೆ ಆ ತಪ್ಪನ್ನು ತೋಟ ಇರುವಷ್ಟು ಕಾಲ ತಿದ್ದಲಾಗುವುದಿಲ್ಲ. ಬಾಳೆಯ ಕಂದುಗಳ ಬೇರು ಮತ್ತು ಕಂದಿದ ಭಾಗವನ್ನು ಕೆತ್ತಿ ತೆಗೆದು, ಸುಮಾರು 52ರಿಂದ 55 ಡಿಗ್ರಿಯ ಬಿಸಿನೀರಿನಲ್ಲಿ 15ರಿಂದ 20 ನಿಮಿಷ ಅದ್ದಿಟ್ಟು ನೆಡುವುದು ಹಳೆಯ, ನಂಬಬಹುದಾದ ಕ್ರಮ. ಅಂಗಾಂಶ ಕೃಷಿಯ ಸಸಿ ಶುದ್ಧವಾಗಿ ಬರುತ್ತದೆ, ಆದರೆ ಹುಳು ತುಂಬಿದ ಮಣ್ಣಿನಲ್ಲಿ ಅದನ್ನು ನೆಟ್ಟರೆ ಆ ಶುದ್ಧತೆ ಕೆಲವೇ ತಿಂಗಳದ್ದು.

ನೆಡುವ ವಸ್ತುವನ್ನು ಶುದ್ಧವಾಗಿಟ್ಟರೆ ಏನು ಸಾಧ್ಯ ಎಂಬುದಕ್ಕೆ ಗೋಧಿಯ ಉದಾಹರಣೆ ಸಾಕು. ಇತಿಹಾಸದಲ್ಲಿ ಮೊದಲು ದಾಖಲಾದ ಸಸ್ಯ ಜಂತುಹುಳು ಅದರದ್ದೇ: 1743ರಲ್ಲಿ ನೀಡಮ್ ಎಂಬ ಇಂಗ್ಲಿಷ್ ಪಾದ್ರಿ ಕಪ್ಪಾಗಿ ಗಂಟುಗಟ್ಟಿದ ಗೋಧಿಕಾಳನ್ನು ಒಡೆದು ನೀರು ಹಾಕಿದಾಗ ಒಳಗಿನ ಬಿಳಿ ಎಳೆಗಳು ಅಲುಗಾಡತೊಡಗಿದವು. ಒಣಗಿದ ಕಾಳಿನೊಳಗೆ ದಶಕಗಳ ಕಾಲ ಬದುಕಬಲ್ಲ ಈ ಹುಳು ಯಂತ್ರದಿಂದ ಬೀಜ ಶುದ್ಧಿ ಮಾಡುವ ದೇಶಗಳಲ್ಲಿ ಹೆಚ್ಚುಕಡಿಮೆ ಕಣ್ಮರೆಯಾಗಿದೆ. ಗಂಟು ಹಗುರ, ಕಾಳು ಭಾರ. ಉಪ್ಪುನೀರಿನಲ್ಲಿ ತೇಲಿದ್ದನ್ನು ತೆಗೆದರೂ ಕೆಲಸವಾಗುತ್ತದೆ. ಅದಕ್ಕಾಗಿ ಯಾರೂ ಮಣ್ಣಿಗೆ ಅನಿಲ ಹೊಡೆಯಬೇಕಾಗಲಿಲ್ಲ.

ಹುಳು ಈಗಾಗಲೇ ಹೊಲದಲ್ಲಿದ್ದರೆ ಮೊದಲ ಪ್ರಶ್ನೆ ಎಷ್ಟು ಎಂಬುದು, ಏನು ಹಾಕಬೇಕು ಎಂಬುದಲ್ಲ. ಒಂದು ಮಿತಿಯವರೆಗೆ ಹುಳುಗಳಿದ್ದರೂ ಇಳುವರಿ ತಗ್ಗುವುದಿಲ್ಲ, ಆ ಮಿತಿ ದಾಟಿದ ಮೇಲೆ ವೇಗವಾಗಿ ಕುಸಿಯುತ್ತದೆ ಎಂಬುದನ್ನು ನೆದರ್‌ಲ್ಯಾಂಡ್ಸಿನ ಸೈನ್‌ಹಾರ್ಸ್ಟ್ 1965ರಲ್ಲಿ ಸೂತ್ರವಾಗಿ ಬರೆದರು. ಬೇರುಗಂಟು ಹುಳುವಿನ ವಿಷಯದಲ್ಲಿ ಹಲವು ತರಕಾರಿಗಳಿಗೆ ಈ ಮಿತಿ ಒಂದು ಘನ ಸೆಂಟಿಮೀಟರ್ ಮಣ್ಣಿಗೆ ಒಂದು ಮೊಟ್ಟೆ ಅಥವಾ ಮರಿಯ ಆಸುಪಾಸು, ಕೆಲವಕ್ಕೆ ಅದಕ್ಕೂ ಕಡಿಮೆ. ಇಷ್ಟು ಸಣ್ಣ ಸಂಖ್ಯೆಯನ್ನು ಅಳೆಯಬೇಕಾದರೆ ಮಾದರಿ ತೆಗೆಯುವುದರಲ್ಲಿ ಎಚ್ಚರ ಬೇಕು. ಮೇಲಿನ ಒಣಪದರವನ್ನು ಸರಿಸಿ, 15ರಿಂದ 25 ಸೆಂಟಿಮೀಟರ್ ಆಳದಿಂದ, ಹೊಲದಲ್ಲಿ ಅಡ್ಡಾದಿಡ್ಡಿ ನಡೆದು ಹದಿನೈದಿಪ್ಪತ್ತು ಕಡೆ ಮಣ್ಣು ತೆಗೆದು ಬೆರೆಸಿ, ಅದರಲ್ಲಿ ಅರ್ಧ ಕಿಲೋದಷ್ಟನ್ನು ಒಂದಿಷ್ಟು ಬೇರಿನೊಂದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಬೇಕು. ಗೊಬ್ಬರದ ಪರೀಕ್ಷೆಗೆ ಕೊಡುವಂತೆ ಇದನ್ನು ಒಣಗಿಸುವ ಹಾಗಿಲ್ಲ. ಪ್ರಯೋಗಾಲಯದಲ್ಲಿ ಜೀವಂತ ಹುಳು ತಾನಾಗಿ ಮಣ್ಣಿನಿಂದ ನೀರಿಗಿಳಿಯಬೇಕು, ಬಿಸಿಲಿನಲ್ಲಿ ಸತ್ತ ಹುಳು ಇಳಿಯುವುದಿಲ್ಲ. ಇಂಥ ಮಾದರಿಗೆ ಹುಳು ಇಲ್ಲ ಎಂಬ ವರದಿ ಬಂದರೆ ಅದು ವರದಿ ಇಲ್ಲದಿರುವುದಕ್ಕಿಂತ ಕೆಟ್ಟದು.

ಪ್ರಯೋಗಾಲಯ ಹತ್ತಿರವಿಲ್ಲದವರಿಗೆ ಗಿಡವೇ ಪರೀಕ್ಷಕ. ಹಾಗೆ ಬೆರೆಸಿದ ಮಣ್ಣನ್ನು ನಾಲ್ಕಾರು ಕುಂಡಗಳಿಗೆ ತುಂಬಿ, ನಿರೋಧಕವಲ್ಲದ ಟೊಮೆಟೊ ಅಥವಾ ಸೌತೆಯನ್ನು ಬೆಳೆಸಿ, ಆರು ವಾರಗಳ ಬಳಿಕ ಬೇರು ತೊಳೆದು ನೋಡಿದರೆ ಹೊಲದಲ್ಲಿ ಏನು ಕಾದಿದೆ ಎಂಬುದು ತಿಳಿಯುತ್ತದೆ. ಯಾವ ಜಾತಿ ಎಂಬುದು ಇದರಿಂದ ತಿಳಿಯದು. ಬೆಳೆ ಪರಿವರ್ತನೆ ಮಾಡುವವರಿಗಂತೂ ಆ ಮಾಹಿತಿ ಅತ್ಯಗತ್ಯ.

ಬೆಳೆ ಪರಿವರ್ತನೆ ಮಾಡಿ ಎಂಬುದು ಎಲ್ಲರೂ ಕೊಡುವ ಸಲಹೆ, ಆದರೆ ಯಾವುದರಿಂದ ಯಾವುದಕ್ಕೆ ಎಂದು ಹೇಳದಿದ್ದರೆ ಅದು ಸಲಹೆಯೇ ಅಲ್ಲ. ಟೊಮೆಟೊ ಬಿಟ್ಟು ಬೆಂಡೆ, ಬೆಂಡೆ ಬಿಟ್ಟು ಬದನೆ ಹಾಕಿದರೆ ಬೆಳೆಗಾರನಿಗೆ ಬದಲಾವಣೆ, ಎರಡು ಸಾವಿರಕ್ಕೂ ಹೆಚ್ಚು ಸಸ್ಯಗಳ ಮೇಲೆ ಬದುಕುವ ಹುಳುವಿಗೆ ಏನೂ ಬದಲಾಗಿಲ್ಲ. ಇನ್‌ಕಾಗ್ನಿಟ ಇರುವ ಹೊಲದಲ್ಲಿ ಶೇಂಗಾ ಬಿತ್ತಿದರೆ ಹುಳು ಉಪವಾಸ ಬೀಳುತ್ತದೆ. ಹೊರಗಿನಿಂದ ನೋಡಲು ಅಂಥದ್ದೇ ಗಂಟು ಮಾಡುವ ಅರೆನೇರಿಯ ಜಾತಿಯ ಒಂದು ಪ್ರಭೇದಕ್ಕೆ ಅದೇ ಶೇಂಗಾ ಹಬ್ಬದೂಟ. ಬೆಳೆ ಬದಲಿಸಿಯೂ ಕಳೆ ಕೀಳದಿದ್ದರೆ ಕಾಕಮಾಚಿಯಂಥ ಗಿಡಗಳ ಬೇರಿನಲ್ಲೇ ಹುಳು ಮುಂದಿನ ಹಂಗಾಮಿಗೆ ಕಾಯುತ್ತದೆ. ಚೆಂಡುಹೂವಿನ ಬೇರಿನಲ್ಲಿರುವ ಆಲ್ಫಾ-ಟರ್ಥೀನೈಲ್ ಎಂಬ ರಾಸಾಯನಿಕ ಒಳಹೊಕ್ಕ ಮರಿಗಳನ್ನು ಕೊಲ್ಲುತ್ತದೆ ಎಂಬುದು ನಿಜವೇ. ಕೆಲವು ತಳಿಗಳನ್ನು ಇಡೀ ಹೊಲಕ್ಕೆ ಒತ್ತಾಗಿ ಎರಡು-ಮೂರು ತಿಂಗಳು ಬೆಳೆದರೆ ಒಳ್ಳೆಯ ಫಲವಿದೆ. ಬದುವಿನ ಅಂಚಿಗೆ ಒಂದು ಸಾಲು ನೆಟ್ಟರೆ ನೋಡಲು ಚೆಂದ, ಅಷ್ಟೇ.

ಬಿಸಿಲಿನ ಉಪಾಯಗಳೂ ಹೀಗೆಯೇ, ವಿವರದಲ್ಲಿ ಗೆಲ್ಲುತ್ತವೆ ಅಥವಾ ಸೋಲುತ್ತವೆ. ಬೇಸಿಗೆಯಲ್ಲಿ ಹತ್ತು-ಹದಿನೈದು ದಿನಗಳ ಅಂತರದಲ್ಲಿ ಎರಡು-ಮೂರು ಬಾರಿ ಆಳವಾಗಿ ಉತ್ತು ಮಣ್ಣನ್ನು ಒಣಗಿಸಿದರೆ ಹುಳುಗಳ ಸಂಖ್ಯೆ ಗಣನೀಯವಾಗಿ ಇಳಿಯುತ್ತದೆ. ಸಸಿಮಡಿಗೆ ತೆಳುವಾದ ಪಾರದರ್ಶಕ ಪಾಲಿಥೀನ್ ಹಾಸಿ ನಾಲ್ಕರಿಂದ ಆರು ವಾರ ಬಿಡುವ ಕ್ರಮವನ್ನು 1976ರಲ್ಲಿ ಇಸ್ರೇಲಿನ ಕಟಾನ್ ಮತ್ತು ಸಂಗಡಿಗರು ವೈಜ್ಞಾನಿಕವಾಗಿ ನಿರೂಪಿಸಿದರು. ಹಾಸುವ ಮೊದಲು ಮಣ್ಣು ಚೆನ್ನಾಗಿ ನೆನೆದಿರಬೇಕು, ಹಾಳೆ ಕಪ್ಪಾಗಿರದೆ ಪಾರದರ್ಶಕವಾಗಿರಬೇಕು, ಅಂಚು ಮಣ್ಣಿನಲ್ಲಿ ಹುದುಗಿರಬೇಕು. ಒಂದು ತಪ್ಪಿದರೂ ಬಿಸಿ ಸಾಲುವುದಿಲ್ಲ. ಆಳದಲ್ಲಿರುವ ಹುಳುಗಳು ಹೇಗೂ ತಪ್ಪಿಸಿಕೊಳ್ಳುತ್ತವೆ, ಹಾಗಾಗಿ ಬೇರು ಮೇಲ್ಪದರದಲ್ಲೇ ಇರುವ ಸಸಿಮಡಿಗೆ ಇದು ಹೊಂದುವಷ್ಟು ಹಣ್ಣಿನ ತೋಟಕ್ಕೆ ಹೊಂದುವುದಿಲ್ಲ.

ಜೈವಿಕ ನಿಯಂತ್ರಣದ ಬಗ್ಗೆ ಉತ್ಸಾಹವೂ ಅನುಮಾನವೂ ಎರಡೂ ಅತಿಯಾಗಿವೆ. ಮಣ್ಣೇ ಹುಳುವನ್ನು ಹತೋಟಿಯಲ್ಲಿಡಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಧಾನ್ಯದ ಹೊಲಗಳು ಸಾಕ್ಷಿ. ವರ್ಷವರ್ಷವೂ ಓಟ್ಸ್, ಬಾರ್ಲಿಯಂಥ ಧಾನ್ಯಗಳನ್ನೇ ಬೆಳೆದರೆ ಧಾನ್ಯದ ಸಿಸ್ಟ್ ಹುಳು ಹೆಚ್ಚಬೇಕಿತ್ತು. ಅಲ್ಲಿ ಅದು ಕಡಿಮೆಯಾಯಿತು. ರೊಥಾಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಬ್ರಯನ್ ಕೆರ್ರಿ ಮತ್ತು ಸಂಗಡಿಗರು ಕಂಡುಕೊಂಡಂತೆ, ಹೆಣ್ಣು ಹುಳು ಮತ್ತು ಮೊಟ್ಟೆಗಳನ್ನು ತಿನ್ನುವ ಎರಡು ಶಿಲೀಂಧ್ರಗಳು ಆ ಮಣ್ಣಿನಲ್ಲಿ ನೆಲೆಯೂರಿದ್ದವು. ಅದೇ ಮಣ್ಣಿಗೆ ಫಾರ್ಮಲಿನ್ ಹಾಕಿ ಶಿಲೀಂಧ್ರಗಳನ್ನು ಕೊಂದಾಗ ಜಂತುಹುಳುಗಳು ಹೆಚ್ಚಾದವು. ಮಣ್ಣನ್ನು ಸ್ವಚ್ಛ ಮಾಡುವ ಆಸೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ. ಆದರೆ ಆ ಶಿಲೀಂಧ್ರಗಳು ನೆಲೆಯೂರಲು ವರ್ಷಗಳೇ ಹಿಡಿದಿದ್ದವು. ಇಂದು ಪುಡಿಯ ರೂಪದಲ್ಲಿ ಸಿಗುವ ಪೊಕೋನಿಯ, ಪರ್ಪ್ಯೂರಿಯೊಸಿಲಿಯಂ ಶಿಲೀಂಧ್ರಗಳನ್ನು ಒಣಮಣ್ಣಿಗೆ ಎರಚಿ ವಾರದಲ್ಲಿ ಫಲ ನೋಡುತ್ತೇವೆಂದರೆ ಆಗದು. ಅವು ಮುಖ್ಯವಾಗಿ ಮೊಟ್ಟೆಯನ್ನು ತಿನ್ನುವಂಥವು. ಈಗಾಗಲೇ ಬೇರಿನೊಳಗಿರುವ ಹುಳುವನ್ನು ಮುಟ್ಟಲಾರವು. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಮತ್ತು ಬೇವಿನ ಹಿಂಡಿಯಲ್ಲಿ ಬೆರೆಸಿ, ತೇವ ಆರದಂತೆ ನೆರಳಿನಲ್ಲಿಟ್ಟು ಬೆಳೆಸಿ, ನಾಟಿಗೆ ಮೊದಲು ಮಣ್ಣಿಗೆ ಸೇರಿಸಿದಾಗ ಅವಕ್ಕೆ ಬದುಕುವ ಅವಕಾಶವಿರುತ್ತದೆ. ಪೊಟ್ಟಣದಲ್ಲಿ ಜೀವಂತ ಕಣಗಳು ನಮೂದಿಸಿದಷ್ಟಿವೆಯೇ ಎಂಬುದು ಬೇರೆಯೇ ಪ್ರಶ್ನೆ. ಗುಣಮಟ್ಟದ ತಪಾಸಣೆ ಬಿಗಿಯಾಗುವವರೆಗೆ ತಯಾರಿಕೆಯ ದಿನಾಂಕವನ್ನಾದರೂ ನೋಡಿ ಕೊಳ್ಳಬೇಕು.

ಇವುಗಳಲ್ಲಿ ಯಾವುದೊಂದೂ ಶೇ. 90 ಕೊಲ್ಲುವುದಿಲ್ಲ. ಆದರೆ ಲೆಕ್ಕವನ್ನು ಇನ್ನೊಂದು ಬದಿಯಿಂದ ನೋಡಿದರೆ, ಇಪ್ಪತ್ತು ಪಟ್ಟು ಹೆಚ್ಚುವುದನ್ನು ಐದು ಪಟ್ಟಿಗೆ ಇಳಿಸಿದರೆ ಮೂರು ತಲೆಮಾರಿನ ಕೊನೆಗೆ ಎಂಟು ಸಾವಿರದ ಜಾಗದಲ್ಲಿ ನೂರಿಪ್ಪತ್ತೈದು ಹುಳುಗಳಿರುತ್ತವೆ. ಶುದ್ಧ ಸಸಿ ಮೊದಲ ಸಂಖ್ಯೆಯನ್ನು ತಗ್ಗಿಸುತ್ತದೆ, ಹುಳುವಿಗೆ ಆಹಾರವಾಗದ ಬೆಳೆ ಒಂದೆರಡು ತಲೆಮಾರುಗಳನ್ನೇ ಅಳಿಸುತ್ತದೆ, ಮೊಟ್ಟೆ ತಿನ್ನುವ ಶಿಲೀಂಧ್ರ ಪ್ರತಿ ತಲೆಮಾರಿನ ಏರಿಕೆಯನ್ನು ತಡೆಯುತ್ತದೆ. ನಿರೋಧಕ ತಳಿಯನ್ನು ಪ್ರತಿ ಹಂಗಾಮಿಗೂ ಹಾಕದೆ ಸರದಿಯಲ್ಲಿ ಬಳಸಿದರೆ ಅದರ ಆಯುಷ್ಯವೂ ಹೆಚ್ಚುತ್ತದೆ.

ಈ ಸರಣಿಯಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಟ್ಟಿರುವುದು ಕೊನೆಯ ಕಟಾವಿನ ದಿನ. ಕಾಯಿ ಬಿಡಿಸಿದ ಮೇಲೆ ಗಿಡವನ್ನು ಮೇಲಿನಿಂದ ಕತ್ತರಿಸಿ ಬೇರನ್ನು ನೆಲದಲ್ಲೇ ಬಿಟ್ಟರೆ, ಬೇರು ಸಾಯುವವರೆಗಿನ ವಾರಗಳಲ್ಲಿ ಇನ್ನೊಂದು ತಲೆಮಾರು ಮೊಟ್ಟೆಯಿಟ್ಟು ಮುಗಿಸುತ್ತದೆ. ಅಂದೇ ಗಿಡಗಳನ್ನು ಬೇರುಸಹಿತ ಕಿತ್ತು, ಹೊಲದಿಂದ ಹೊರಗೊಯ್ದು ಒಣಗಿಸಿ ಸುಡುವುದು ಒಳಿತು. ಗೊಬ್ಬರದ ಗುಂಡಿಗೆ ಹಾಕಿದರೆ ಹುಳು ಗೊಬ್ಬರದೊಂದಿಗೆ ಮರಳಿ ಹೊಲಕ್ಕೆ ಬರುತ್ತದೆ. ಕೀಳುವಾಗ ಹೊಲದ ಬೇರೆ ಬೇರೆ ಕಡೆಯ ಇಪ್ಪತ್ತು ಗಿಡಗಳ ಬೇರನ್ನು ತೊಳೆದು, ಗಂಟಿಲ್ಲದ್ದಕ್ಕೆ ಸೊನ್ನೆ, ಪೂರ್ತಿ ಗಂಟಾದದ್ದಕ್ಕೆ ಐದು ಎಂದು ಅಂಕ ಕೊಟ್ಟು, ಯಾವ ಜಾಗದ್ದೆಂದು ನಕ್ಷೆಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಹಂಗಾಮಿನ ನಿರ್ಧಾರಗಳಿಗೆ ಅದು ಆಧಾರವಾಗುತ್ತದೆ. ಸರಾಸರಿ ಒಂದರೊಳಗಿದ್ದರೆ ಶುದ್ಧ ಸಸಿ ಮತ್ತು ಸಾವಯವ ಗೊಬ್ಬರದೊಂದಿಗೆ ಮುಂದುವರಿಯಬಹುದು. ಮೂರು ದಾಟಿದ್ದರೆ ಆ ಜಾಗಕ್ಕೆ ಹುಳುವಿನ ಜಾತಿ ತಿಳಿದು ಬೇರೆ ಬೆಳೆ ಆರಿಸಬೇಕು, ಔಷಧಿ ಅನಿವಾರ್ಯವಾದರೂ ಇಡೀ ಹೊಲಕ್ಕೆ ಸುರಿಯದೆ ನಕ್ಷೆಯಲ್ಲಿ ಗುರುತಾದ ಜಾಗಗಳಿಗಷ್ಟೇ ಹಾಕಿದರೆ ಸಾಕು.